ಹತ್ತು ನಿಮಿಷ ಮೊದಲೇ ಕೈ ತೆಗೆದದ್ದು

ದಾವಣಗೆರೆ, ಕೈನಿಯಮ ಶಕ ೧೧೨, ಅಧಿಕ ಆಷಾಢದ ಮೂವತ್ತನಾಲ್ಕನೇ ದಿನ

ಎರಡು ಸಾವಿರದ ಇಪ್ಪತ್ತರ ಆಸುಪಾಸಿನ ಮಾಲೀಶಿನವರಿಗೆ,

ನನ್ನ ಕೆಲವು ಪದಗಳು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ವಿಷಯಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದು ನೀವೇ ಮಾಡಿಟ್ಟ ಘನಕಾರ್ಯ.

ನಾನು ಹೊನ್ನವ್ವ, ಇಪ್ಪತ್ತೆರಡು ವರ್ಷ ಮಾಲೀಶು ಮಾಡಿದವಳು. ನಮ್ಮಲ್ಲಿ ಇನ್ನೊಬ್ಬರ ಮೈ ತಿಕ್ಕಬೇಕಾದರೆ ಕೈಚೀಟಿ ಬೇಕು, ಅಂದರೆ ಮಣಿಕಟ್ಟಿಗೆ ಕಟ್ಟುವ ಪರವಾನಗಿ. ನಾಲ್ಕು ವರ್ಷ ಓದಿ, ಮೂಳೆ ನರಗಳನ್ನು ಬಾಯಿಪಾಠ ಮಾಡಿ, ಪರೀಕ್ಷಕರ ಬೆನ್ನನ್ನೇ ತಿಕ್ಕಿ ತೋರಿಸಿದ ಮೇಲೆ ಅದು ಸಿಗುತ್ತದೆ. ಗೋಡೆಯ ಮೇಲೆ ಎಲ್ಲೆಪಟ ಇರುತ್ತದೆ. ಎಲ್ಲಿ ಒತ್ತಬಹುದು, ಎಷ್ಟು ಒತ್ತಬಹುದು ಎಂಬ ನಕ್ಷೆ ಅದು. ಬೆಳಿಗ್ಗೆ ಎಳ್ಳೆಣ್ಣೆ ಬಿಸಿಗಿಡುವ ಮೊದಲು ಅದರ ಮುಂದೆ ನಿಂತು ಓದಬೇಕು. ಇಷ್ಟೆಲ್ಲ ಸರಿಯೇ. ನೀವೋ? ಹದಿನೈದು ದಿನದ ಕೋರ್ಸು, ಚೌಕಟ್ಟು ಹಾಕಿದ ಸರ್ಟಿಫಿಕೇಟು, ಕ್ಷೌರ ಮುಗಿದ ಮೇಲೆ ಗಿರಾಕಿಯ ಕುತ್ತಿಗೆ ಪುಕ್ಕಟೆಯಾಗಿ ಲಟಕ್! ಅಷ್ಟಕ್ಕೇ ಸುಮ್ಮನಾದಿರಾ? ಅಂಗಾಲು ಒತ್ತಿದರೆ ಸಕ್ಕರೆ ಕಾಯಿಲೆ ಮಾಯ, ಹೊಟ್ಟೆ ತಿಕ್ಕಿದರೆ ಗಡ್ಡೆ ಕರಗುತ್ತದೆ ಎಂದಿರಿ. ಥೂ! ನಂಬಿದವರು ಔಷಧಿ ಬಿಟ್ಟರು, ಸತ್ತರು.

ಆಮೇಲೆ ಪರವಾನಗಿ ಕೊಡುವ ಕೈಮಂಡಳಿ ಹುಟ್ಟಿತು. ನಿಮ್ಮ ಬೊಗಳೆಗೆ ಬೆಚ್ಚಿ ನಮಗೆ ಬಾಯಿಕಟ್ಟು ಹಾಕಿತು: ಬೆರಳಿಗೆ ಏನೇ ಸಿಗಲಿ, ರೋಗದ ಬಗ್ಗೆ ಒಂದಕ್ಷರ ಆಡಬಾರದು. ಡಾಕ್ಟರಿಗೆ ತೋರಿಸಿ ಅನ್ನುವುದೂ ರೋಗ ಹೇಳಿದಂತೆಯೇ. ಎಂಥಾ ಬುದ್ಧಿವಂತರು! ಹಾಗಾಗಿ ನಮ್ಮೂರಿನ ಮಾಲೀಶಿನವರು ಒಂದು ರೂಢಿ ಮಾಡಿಕೊಂಡರು. ಕೆಟ್ಟದ್ದೇನಾದರೂ ತಗುಲಿದರೆ ಹತ್ತು ನಿಮಿಷ ಮೊದಲೇ ಕೈ ತೆಗೆದು, ಕುಡಿಯಲು ಬಿಸಿನೀರು ಕೊಡುತ್ತೇವೆ. ಗಿರಾಕಿ ಅರ್ಥ ಮಾಡಿಕೊಂಡು ನೇರ ಆಸ್ಪತ್ರೆಗೆ ಹೋಗುತ್ತಾರೆ.

ಕೊಟ್ರಮ್ಮ ಹೊಸ ಗಿರಾಕಿ, ಹಡಗಲಿಯಿಂದ ಮಗಳ ಮನೆಗೆ ಬಂದಿದ್ದಳು. ಭುಜದ ಕೆಳಗೆ, ಕಂಕುಳ ಅಂಚಿನಲ್ಲಿ, ಕಡಲೆಕಾಳಿನ ಗಾತ್ರದ ಗಂಟು. ಕಲ್ಲಿನಂತೆ ಗಟ್ಟಿ, ಒತ್ತಿದರೂ ಅಲುಗಲಿಲ್ಲ. ಕೈ ತೆಗೆದು ಬಿಸಿನೀರು ಕೊಟ್ಟೆ.

"ಯಾಕವ್ವಾ, ಕೈ ಸೋತ್ವೇನು? ಇನ್ನೂ ಹತ್ತು ನಿಮಿಷ ಐತಿ, ತಿಕ್ಕು" ಎಂದು ನೀರು ಕುಡಿದು ಮತ್ತೆ ಬೋರಲು ಮಲಗಿದಳು. ಅವರ ಊರಲ್ಲಿ ಈ ರೂಢಿಯೇ ಇಲ್ಲ. ಮೂರು ಲೋಟ ಕೊಟ್ಟೆ, ಮೂರನ್ನೂ ಕುಡಿದಳು ಪುಣ್ಯಾತ್ಗಿತ್ತಿ. ಕೊನೆಗೆ ತಡೆಯಲಾರದೆ ಅಂದುಬಿಟ್ಟೆ: "ಕೊಟ್ರಮ್ಮಾ, ಕಂಕುಳಾಗ ಗಂಟೈತಿ. ಇವತ್ತೇ ಡಾಕ್ಟರಿಗೆ ತೋರ್ಸು."

ತೋರಿಸಿದಳು, ಆಪರೇಷನ್ ಆಯಿತು, ಬದುಕಿದಳು. ಆರು ತಿಂಗಳ ಮೇಲೆ ನನಗೂ ಹೇಳದೆ ಕೈಮಂಡಳಿಗೆ ಹೋಗಿ, ಎಲ್ಲರಿಗೂ ಹೋಳಿಗೆ ಹಂಚಿ, "ಹೊನ್ನವ್ವ ಬಾಯಿ ಬಿಟ್ಟು ಹೇಳ್ಲಿಲ್ಲಾಂದ್ರ ನಾ ಇವತ್ತು ಇರ್ತಿದ್ದಿಲ್ರೀ. ಆಕಿಗೊಂದು ಸನ್ಮಾನ ಮಾಡ್ರಿ!" ಅಂದಳಂತೆ. ಅವರು ಹೋಳಿಗೆ ತಿಂದರು, ಕೈ ತೊಳೆದರು, ಅವಳ ಮಾತನ್ನೇ ಸಾಕ್ಷಿಯಾಗಿ ಬರೆದುಕೊಂಡರು. ನಿನ್ನೆ ನನ್ನ ಕೈಚೀಟಿ ಕತ್ತರಿಸಿದರು. ಕೊಟ್ರಮ್ಮ ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

ನಿಮ್ಮಲ್ಲಿ ಕೇಳುವುದು ಒಂದೇ. ನಾಳೆ ಯಾರೋ ನಿಮ್ಮೆದುರು ಮಲಗಿ, ಇದರಿಂದ ನನ್ನ ಕಾಯಿಲೆ ವಾಸಿಯಾಗುತ್ತಾ ಎಂದು ಕೇಳುತ್ತಾರೆ. ಗೊತ್ತಿಲ್ಲ ಅನ್ನಿ. ಅಷ್ಟು ಹೇಳಲು ನಿಮ್ಮ ನಾಲಿಗೆಗೆ ಏನು ದಾಡಿ?

ಇವತ್ತು ಬೆಳಿಗ್ಗೆ ಅಭ್ಯಾಸಬಲದಿಂದ ಎಣ್ಣೆ ಬಿಸಿಗಿಟ್ಟೆ. ಆಮೇಲೆ ನೆನಪಾಗಿ ಒಲೆ ಆರಿಸಿದೆ.

ಹೊನ್ನವ್ವ