ಗುಳ್ಳೆ ಇದ್ದ ಹೂದಾನಿ

ಮಗಳಿಗೆ,

ನೀನೇ ಊದಿ ಮಾಡಿದ ಹರಳುಗಾಜಿನ ಕೆಂಪು ಹೂದಾನಿಯಲ್ಲಿ ಗುಳ್ಳೆ ಇದೆಯೆಂದು ನಾನು ವಾಪಸು ಕಳಿಸಿದ್ದೆ. ಬದಲಿಗೆ ನೀನು ಇನ್ನೊಂದು ಕಳಿಸಿ ಎರಡು ವರ್ಷವಾಯಿತು. ಅದರಲ್ಲಿ ಒಂದು ಕುಂದೂ ಇಲ್ಲ. ಜೊತೆಗೆ ಒಂದು ಸಾಲು ಪತ್ರವೂ ಇರಲಿಲ್ಲ.

ನಿನ್ನೆ ಕಿಟಕಿಗೆ ಗಾಜು ಕೂರಿಸಲು ಬಂದವನು ಆ ಹೊಸ ಹೂದಾನಿಯನ್ನು ಬೆಳಕಿಗೆ ಹಿಡಿದು, “ಗುಳ್ಳೆ ಇದ್ರೆ ಊದಿದವರ ಉಸಿರು ಒಳಗೇ ಇರುತ್ತೆ ಅಂತಾರೆ, ಅಮ್ಮಾವ್ರೇ” ಅಂದ. ಬಾಯಿ ಮುಚ್ಚಿಕೊಂಡು ಕೆಲಸ ನೋಡು ಅಂದೆ. ಅವನು ಹೋದಮೇಲೆ ಕನ್ನಡಕ ಹಾಕಿಕೊಂಡು ಹುಡುಕಿದೆ. ಒಂದೂ ಸಿಗಲಿಲ್ಲ.

ಆ ಹಳೆಯದನ್ನು ನೀನು ಕುಲುಮೆಗೆ ಹಾಕಿರದಿದ್ದರೆ ನನಗೆ ಬೇಕು. ಪಾರ್ಸೆಲ್ ಮಾಡಬೇಡ, ಒಡೆದೀತು. ಕೈಯಲ್ಲೇ ಹಿಡಿದುಕೊಂಡು ಬಾ.

ಕಿಟಕಿಯಲ್ಲಿ ಜಾಗ ಮಾಡಿಟ್ಟಿದ್ದೇನೆ.

ಇತಿ,
ನಿನ್ನ ತಾಯಿ