ಅಕ್ಕನ ಪ್ರತಿಯಲ್ಲಿ ಉಳಿದ ಹೆಸರು

ಮಾರ್ಚ್ ೯, ಸೋಮವಾರ.

ಫೆದೋಸ್ಯಕ್ಕನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಐನೂರು ವರ್ಷದ ಕೈಬರಹದ ಪ್ರಾರ್ಥನೆ ಪುಸ್ತಕವನ್ನು ಅಕ್ಕನ ಮನೆಯ ಪ್ರತಿಯೊಂದಿಗೆ ಹೋಲಿಸಲು ಬುಕಾರೆಸ್ಟಿನ ವಿಶ್ವವಿದ್ಯಾಲಯದಿಂದ ದೊಮ್ನಿಕಾ ಎಂಬ ಹುಡುಗಿ ಬಂದಿದ್ದಳು. ಭಾಷೆ, ಪ್ರಾರ್ಥನೆ ಎಲ್ಲ ಸಾಲುಸಾಲೂ ತಾಳೆಯಾದವು. ಕೊನೆಯ ಹಾಳೆಯಲ್ಲಿ, ದಿನಾ ನೆನೆಯಬೇಕಾದ ಮನೆಯವರ ಹೆಸರುಗಳ ನಡುವೆ, ಅವಳ ಬೆರಳು ನಿಂತಿತು.

"ಅಜ್ಜಿ, ಇಲ್ಲಿ ಇಲಿ ಕೆರೆದಿದೆಯಾ?"

"ಇಲಿಯಲ್ಲ ಕಣೇ, ನಾನೇ. ಚಾಕುವಿನಿಂದ."

ಮತ ಬಿಟ್ಟು ಹೊರಗೆ ಮದುವೆಯಾದವರ ಹೆಸರನ್ನು ಹಾಗೆ ಕೆರೆದು ತೆಗೆಯುವುದು ಹಳೆಯ ವಿಧಿಯ ಕ್ರೈಸ್ತರಾದ ನಮ್ಮ ಪದ್ಧತಿ. ನನ್ನ ಮಗಳು ಉಸ್ತಿನ್ಯಾ ಹಾಗೆ ಹೋಗಿ ಹನ್ನೊಂದು ವರ್ಷ.

"ಫೆದೋಸ್ಯಜ್ಜಿ ಪುಸ್ತಕದಲ್ಲಿ ಇದೇ ಜಾಗದಲ್ಲಿ ಉಸ್ತಿನ್ಯಾ ಇದ್ದಾರಲ್ಲ! ಕೆಳಗೆ ಅವರ ಇಬ್ಬರು ಮಕ್ಕಳ ಹೆಸರೂ ಇದೆ."

"ಅಕ್ಕನಿಗೆ ಮೊದಲಿಂದಲೂ ಶಿಸ್ತಿಲ್ಲ" ಎಂದು ಪುಸ್ತಕ ಮುಚ್ಚಿಬಿಟ್ಟೆ. ಮೊಮ್ಮಕ್ಕಳ ಹೆಸರೇನೆಂದು ಮಾತ್ರ ಕೇಳಲಿಲ್ಲ.

ಸಂಜೆ ದೇವರ ಪಟದ ಮುಂದೆ ನಿಂತು "ಉಸ್ತಿನ್ಯಾ" ಎಂದೆ. ಆಮೇಲೆ ಆ ಮಕ್ಕಳನ್ನು ಏನೆಂದು ನೆನೆಯಲಿ? ಅವರ ಹೆಸರು ಇರುವುದು ಅಕ್ಕನ ಪುಸ್ತಕದಲ್ಲಿ ಮಾತ್ರ.