ಡಿಸೀಜ್ಡ್ ಎಂದು ಬರೆಯಬೇಕಿತ್ತು

ಸಾಸ್ತೂರ,
೧೬ ನವೆಂಬರ್, ರವಿವಾರ

ಇನ್ನೂ ಸಿಟ್ಟಿನಲ್ಲೇ ಇರುವ ಮೀನಲಕ್ಕನಿಗೆ, ಪ್ರಣಿತಾಳ ಶರಣು.

ಕಾಗದ ಹರಿಯಬೇಡ. ನೀನು ಫೋನ್ ಎತ್ತುತ್ತಿಲ್ಲ. ಮೆಸೇಜ್ ಕಳಿಸೋಣವೆಂದರೆ, ನನ್ನ ಮೆಸೇಜನ್ನು ಇನ್ನು ಯಾರು ನಂಬುತ್ತಾರೆ? ಮರಾಠಿ ಶಾಲೆಗೆ ಹೋಗುತ್ತಿದ್ದ ನಮ್ಮಿಬ್ಬರನ್ನೂ ಸಂಜೆ ಕೂಡಿಸಿಕೊಂಡು ಅವ್ವ ಕನ್ನಡ ಅಕ್ಷರ ತಿದ್ದಿಸುತ್ತಿದ್ದಳಲ್ಲ, ಆ ಅಕ್ಷರದಲ್ಲೇ ಬರೆಯುತ್ತಿದ್ದೇನೆ.

ಬುಧವಾರದಿಂದ ನನಗೆ ಒಂದು ಕಡೆ ಕೂಡಲಾಗುತ್ತಿಲ್ಲ. ಹಂಚಿನ ಮೇಲೆ ರೊಟ್ಟಿ ಬಿಟ್ಟು ಅಂಗಳಕ್ಕೆ ಹೋಗುತ್ತೇನೆ, ಯಾಕೆ ಬಂದೆನೆಂದು ಮರೆತು ಒಳಗೆ ಬರುತ್ತೇನೆ, ಅಷ್ಟರಲ್ಲಿ ರೊಟ್ಟಿ ಕರಕಾಗಿರುತ್ತದೆ. ಈ ಕಾಗದವನ್ನೂ ನಾಲ್ಕು ಸಲ ಎದ್ದು ಹೋಗಿ ಬಂದು ಬರೆಯುತ್ತಿದ್ದೇನೆ.

ಅಪ್ಪನ ಕಾಲು ದೀಪಾವಳಿಯಿಂದಲೇ ಬಾತಿದ್ದವು. ಉಮರ್ಗಾದ ಡಾಕ್ಟರು ರಕ್ತ ತಪಾಸಣೆ ಮಾಡಿ, ಎರಡೂ ಕಿಡ್ನಿ ‘ಡಿಸೀಜ್ಡ್’ ಎಂದು ಚೀಟಿಯಲ್ಲಿ ಬರೆದರು. ನಿನಗೆ ತಿಳಿಸಲೇಬೇಕು ಅನಿಸಿತು. ಆದರೆ ನೀನು ರೇವಣಸಿದ್ಧರನ್ನು ಮದುವೆಯಾಗಿ ಹೋಗಿ ಒಂಬತ್ತು ವರ್ಷವಾಯಿತು, ನಿನ್ನ ನಂಬರ್ ಕೂಡ ನನ್ನಲ್ಲಿರಲಿಲ್ಲ. ನೀವಿಬ್ಬರೂ ಕಲಿಸುವ ಉದಗೀರದ ಶಾಲೆಯ ನಂಬರ್ ಹೇಗೋ ಸಿಕ್ಕಿತು. ಇಂಗ್ಲಿಷ್ ಶಾಲೆ, ಮರಾಠಿಯಲ್ಲಿ ಬರೆದರೆ ನಗುತ್ತಾರೇನೋ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದೆ. ತಂದೆ ಡಿಸೀಜ್ಡ್, ಬೇಗ ಬಾ ಎಂದು ಬರೆಯಬೇಕಿತ್ತು. ನಾನು ಬರೆದದ್ದು ಡಿಸೀಸ್ಡ್. ಒಂದಕ್ಕೆ ಕಾಯಿಲೆ ಬಿದ್ದವನೆಂದು ಅರ್ಥ, ಇನ್ನೊಂದಕ್ಕೆ ಸತ್ತವನೆಂದು.

ಅಕ್ಕಾ, ನಾನು ಹತ್ತನೆಯ ಇಯತ್ತೆಯ ಹುಡುಗಿಯರಿಗೆ ಟ್ಯೂಷನ್ ಹೇಳುವವಳು. ಲೂಸ್ ಅಂದರೆ ಸಡಿಲ, ಲೂಜ್ ಅಂದರೆ ಕಳೆದುಕೊಳ್ಳುವುದು ಎಂದು ವಾರಕ್ಕೊಮ್ಮೆ ಬರೆಸುತ್ತೇನೆ. ತಪ್ಪಿದರೆ ಹತ್ತು ಸಲ ಬರೆಸುತ್ತೇನೆ. ನಿನ್ನೆ ಅವರು ಬಂದಾಗ ತಲೆ ನೋವೆಂದು ಕಳಿಸಿಬಿಟ್ಟೆ.

ನೀವಿಬ್ಬರೂ ಓಣಿಯ ತಿರುವಿನಲ್ಲಿ ಜೀಪಿನಿಂದ ಇಳಿದಾಗ, ನಿನ್ನ ಕೈಯಲ್ಲಿ ಚೆಂಡುಹೂವಿನ ಮಾಲೆ ಕಂಡಾಗಲೇ ನನಗೆ ತಪ್ಪು ಹೊಳೆದದ್ದು. ಅಷ್ಟರಲ್ಲಿ ನೀನು ದೊಡ್ಡ ದನಿ ತೆಗೆದು ಅಳುತ್ತ ಒಳಗೆ ಬಂದಿದ್ದೆ. ಅಪ್ಪ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ಅವನನ್ನು ಕಂಡದ್ದೇ ನಿನ್ನ ಅಳು ನಿಂತಿತು. ಮಾಲೆ ಜಾರಿ ಕೆಳಗೆ ಬಿತ್ತು. ನೀನು ಒಮ್ಮೆ ನಕ್ಕೆ, ಆಮೇಲೆ ನನ್ನ ಕೆನ್ನೆಗೆ ಹೊಡೆದೆ.

“ನಿಲಂಗಾ ಬಸ್ ಸ್ಟ್ಯಾಂಡಿನ್ಯಾಗ ನೆಲಕ್ಕ ಕುಂತು ಅತ್ತೀನಿ ನಾ! ಗುರುತಿಲ್ಲದ ಮಂದಿ ನೀರು ತಂದು ಕುಡಿಸ್ಯಾರ. ಆಟ ಹಚ್ಚೀರೇನು? ‘ಜಾತಿ ಬಿಟ್ಟು ಬೀರಪ್ಪನ ಭಕ್ತರ ಮನಿಗಿ ಹೋದಾಕಿ, ನಾ ಸತ್ತ ಮ್ಯಾಲೇ ಈ ಹೊಸ್ತಲ ತುಳಿಬೇಕು’ ಅಂತ ಅಂದಾಂವ ಅಪ್ಪ. ಅದಕ್ಕ ಇವತ್ತು ಬಂದೆ. ಇಲ್ಲಂದರ ಬರ್ತಿರಲಿಲ್ಲ” ಎಂದೆ.

ನೀನು ನೀರೂ ಮುಟ್ಟದೆ ಹೊರಟೆ.

ಆಮೇಲಿನದನ್ನು ನೀನು ನೋಡಲಿಲ್ಲ. ರೇವಣಸಿದ್ಧರು ಬಾಗಿಲಲ್ಲೇ ನಿಂತಿದ್ದರು. ನಿನ್ನ ಹಿಂದೆ ಹೊರಟವರು ತಿರುಗಿ, “ಯಾವ ಡಾಕ್ಟರಗ ತೋರಿಸೀರಿ?” ಎಂದು ಕೇಳಿದರು. ನಾನು ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಅಪ್ಪನೇ ದಿಂಬಿನ ಕೆಳಗಿನಿಂದ ರಿಪೋರ್ಟ್ ತೆಗೆದು ಅವರ ಕೈಗೆ ಕೊಟ್ಟ. “ಕೂಡ್ರಿ” ಎಂದ. ಅವರು ಕೂಡಲಿಲ್ಲ. ನಿಂತೇ ಎಲ್ಲ ಹಾಳೆ ಓದಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ನಿನ್ನನ್ನು ಹಿಡಿಯಲು ಓಡಿದರು.

ಶುಕ್ರವಾರ ಅವರ ಫೋನ್ ಬಂತು. ಲಾತೂರಿನಲ್ಲಿ ಕಿಡ್ನಿಯ ದೊಡ್ಡ ಡಾಕ್ಟರರ ಹತ್ತಿರ ಈ ಗುರುವಾರ ಬೆಳಿಗ್ಗೆ ಹತ್ತಕ್ಕೆ ನಂಬರ್ ಹಚ್ಚಿಸಿದ್ದಾರಂತೆ. ತಾವು ನೇರ ಅಲ್ಲಿಗೇ ಬರುತ್ತಾರಂತೆ. “ನಿಮ್ಮ ಅಕ್ಕಗ ನಾ ಹೇಳಿಲ್ಲ. ನೀನೇ ಹೇಳು. ನನ್ನ ಬಾಯಿಂದ ಕೇಳಿದರ ಆಕಿ ಬರೂದಿಲ್ಲ” ಎಂದು ನಿನ್ನ ನಂಬರ್ ಕೊಟ್ಟರು. ಆಗಲಿ ದಾಜಿ, ಎಂದೆ. ನಿನ್ನ ಗಂಡನನ್ನು ನಾನು ದಾಜಿ ಎಂದು ಕರೆದದ್ದು ಅದೇ ಮೊದಲು.

ಗುರುವಾರ ಬಾ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಅಪ್ಪನ ಜೊತೆ ಮಾತಾಡಬೇಡ, ನನ್ನ ಜೊತೆಯೂ ಬೇಡ. ದಾಜಿಯ ಪಕ್ಕದಲ್ಲಿ ಬಂದು ಕೂತರೆ ಸಾಕು.

ನಿನ್ನ ಕೈಯ ಏಟು ತಿಂದ,
ಪ್ರಣಿತಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ತಪ್ಪು ತಿಳಿದದ್ದು ನೀನು ಬಂದಾಗ ಅಲ್ಲ. ಮೆಸೇಜ್ ಹೋದ ಕಾಲು ತಾಸಿಗೇ ನಿಮ್ಮ ಹೆಡ್‌ಮಿಸ್ಟ್ರೆಸ್ ಸಮಾಧಾನದ ಮಾತು ಬರೆದು, ನೀವಿಬ್ಬರೂ ಹೊರಟಿರೆಂದು ತಿಳಿಸಿದ್ದರು. ನಾನು ಹೌಹಾರಿ ಅಪ್ಪನಿಗೆ ಹೇಳಿದೆ, ಈಗಲೇ ಫೋನ್ ಮಾಡಿ ತಿದ್ದುತ್ತೇನೆ ಎಂದೆ. ಅಪ್ಪ ಫೋನ್ ಕಸಿದು ತೊಡೆಯ ಕೆಳಗೆ ಇಟ್ಟುಕೊಂಡ. “ಸತ್ತಾನಂತ ತಿಳಕೊಂಡು ಹೊಂಟಾಳೇನು?” ಎಂದ. ಹೂಂ ಎಂದೆ. “ಹಂಗಾದರ ತಿದ್ದಬ್ಯಾಡ. ಬರಲಿ” ಎಂದ. ಆಮೇಲೆ ಕನ್ನಡಿ ತರಿಸಿಕೊಂಡು, ತಾನೇ ಗಡ್ಡ ಹೆರೆದುಕೊಂಡು, ಬಾಗಿಲಿಗೆ ಮುಖ ಮಾಡಿ ಕೂತ.